ಗುಗ್ಗುಳ ಗಿಡಕ್ಕೆ ನೀರಿಗಿಂತ ತಾಳ್ಮೆ ಜಾಸ್ತಿ ಬೇಕು!

ವೀರಭದ್ರ ದೇವರ ಗುಗ್ಗಳ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪುರವಂತರ ಒಡಪು, ಸಮಾಳದ ಸದ್ದು, ಘಮ್ಮೆನ್ನುವ ಹೊಗೆ. ಆದರೆ ಆ ಹೆಸರಿನ ಧೂಪ ಯಾವ ಗಿಡದ್ದು ಅಂತ ಕೇಳಿದ್ರೆ ಹೇಳೋರು ಕಡಿಮೆ.

ಅದು ಆಳೆತ್ತರದಿಂದ ಎರಡಾಳು ಎತ್ತರಕ್ಕೆ ಬೆಳೆಯುವ ಮುಳ್ಳಿನ ಪೊದೆ. ತೊಗಟೆ ಕಾಗದದಂತೆ ಸುಲಿದು ಬರುತ್ತದೆ. ಮಳೆಗಾಲ ಬಂದಾಗ ಎಲೆ ಬಿಡುತ್ತೆ, ಉಳಿದ ತಿಂಗಳೆಲ್ಲ ಬೋಳು. ಗೊತ್ತಿಲ್ಲದವರು ಸತ್ತ ಗಿಡ ಅಂದುಕೊಂಡು ಒಲೆಗೆ ಕಡಿದೊಯ್ತಾರೆ! ರಾಜಸ್ಥಾನ, ಗುಜರಾತಿನ ಕಛ್ ಇದರ ತವರು. ಕರ್ನಾಟಕದ ಒಣ ನೆಲದಲ್ಲೂ ಅಲ್ಲಲ್ಲಿ ಇದೆ. ಕಲ್ಲು, ಮರಳು ಮಿಶ್ರಿತ ಬಡ ಮಣ್ಣು, ಚೆನ್ನಾಗಿ ಬಿಸಿಲು ಇದ್ರೆ ಸಾಕು. ನೀರು ನಿಂತ್ರೆ ಬೇರು ಕೊಳೆಯುತ್ತದೆ.

ಬೀಜ ಸರಿಯಾಗಿ ಮೊಳೆಯಲ್ಲ. ಹಾಗಾಗಿ ಒಂದಡಿಯಷ್ಟು ಉದ್ದದ ಬಲಿತ ಕಡ್ಡಿ ನೆಟ್ಟು ಸಸಿ ಮಾಡ್ತಾರೆ. ಆದರೆ ಬೆಳವಣಿಗೆ ಬಲು ನಿಧಾನ. ಅಂಟು ತೆಗೆಯೋ ಹದಕ್ಕೆ ಬರಲು ಎಂಟು-ಹತ್ತು ವರ್ಷ ಬೇಕು. ಆಮೇಲೂ ಒಂದು ಗಿಡದಿಂದ ಹಂಗಾಮಿಗೆ ಸಿಗೋದು ಅರ್ಧ ಕೆಜಿಯೊಳಗೆ. ಎರಡೇ ವರ್ಷದಲ್ಲಿ ಲಕ್ಷ ಎಣಿಸ್ತೀರಿ ಅಂತ ಯಾರಾದ್ರೂ ಸಸಿ ಮಾರಲು ಬಂದ್ರೆ ಈ ಲೆಕ್ಕ ನೆನಪಿರಲಿ.

ಚಳಿಗಾಲದಿಂದ ಬೇಸಿಗೆಯವರೆಗೆ ಕಾಂಡಕ್ಕೆ ತೆಳುವಾಗಿ ಗಾಯ ಮಾಡಿದರೆ ಹಳದಿ ರಸ ಜಿನುಗಿ ಗಟ್ಟಿಯಾಗುತ್ತೆ. ಅದೇ ಗುಗ್ಗುಳ. ತೊಂದರೆ ಶುರುವಾಗೋದೂ ಇಲ್ಲೇ. ಹೆಚ್ಚು ಅಂಟಿನ ಆಸೆಗೆ ಆಳವಾಗಿ ಕೊಚ್ಚಿ, ಗಾಯಕ್ಕೆ ಮೈಲುತುತ್ತು ಬೆರೆಸಿದ ಲೇಪ ಹಚ್ಚೋದುಂಟು. ಆ ವರ್ಷ ಅಂಟು ಧಾರಾಳ ಬರುತ್ತೆ, ಗಿಡ ಮಾತ್ರ ಉಳಿಯಲ್ಲ. ಯೋಗರಾಜ ಗುಗ್ಗುಳ, ತ್ರಿಫಲಾ ಗುಗ್ಗುಳದಂಥ ಆಯುರ್ವೇದ ಔಷಧಿಗಳಿಗೆ ಬೇಡಿಕೆ ತಗ್ಗಿಲ್ಲ, ಕಾಡಲ್ಲಿ ಗಿಡ ತಗ್ಗಿದೆ. ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಗಿಡ ಸಾಯದಂತೆ ಅಂಟು ತೆಗೆಯುವ ವಿಧಾನದ ಮೇಲೆ ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಕೆಲಸ ಮಾಡಿದೆ.

ಮಾಲು ಕಡಿಮೆ ಆದ ಮೇಲೆ ಕಲಬೆರಕೆ ಬರದೇ ಇರುತ್ತಾ? ಬೇರೆ ಮರದ ಅಂಟು, ಮರಳು ಎಲ್ಲ ಸೇರುತ್ತೆ. ಹಳಬರ ಪರೀಕ್ಷೆ ಸುಲಭ: ಅಸಲಿಯಾದ್ರೆ ಬಿಸಿಲಿಗೆ ಮೆತ್ತಗಾಗುತ್ತೆ, ಬೆಂಕಿಗೆ ಉರಿಯುತ್ತೆ, ಬಿಸಿನೀರಲ್ಲಿ ಕದಡಿದ್ರೆ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಮುಂದಿನ ಸಲ ಅಂಗಡಿಯಿಂದ ತಂದಾಗ ಚಿಕ್ಕ ತುಂಡೊಂದನ್ನ ಲೋಟಕ್ಕೆ ಹಾಕಿ ನೋಡಿ.