ದೊಡ್ಡಮ್ಮನ ಸದ್ದು, ಮಗ್ಗದ ಸದ್ದು

ಬೆಟ್ಟದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಮೊಳಕಾಲ್ಮೂರಿನ ಮೇಲೆ ಉಗುಳುತ್ತವೆ. ಆ ಸೆಕೆಯಲ್ಲಿ ಒಂದು ನೇಕಾರರ ಮನೆ. ಒಳಗೆ ಗುಂಡಿ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಸೋದರಮಾವ ತುಳಿದಾಗೆಲ್ಲ ಮೇಲೆ ಜಕಾರ್ಡಿನ ತೂತು ರಟ್ಟು ಒಂದೊಂದೇ ಹೊರಳುತ್ತದೆ: ಟಕ್ಕ, ಟಕ್ಕ. ಹೊರಗೆ ಜಗುಲಿಯ ಮೇಲೆ ಐಟಿಐ ಓದುವ ಅಳಿಯ ಮೊಬೈಲನ್ನು ಅಡ್ಡ ಹಿಡಿದಿದ್ದಾನೆ. ಅಲ್ಲಿಂದಲೂ ಸದ್ದು, ಗುಂಡಿನದು.

‘ಕೆಜಿಎಫ್ ಚಾಪ್ಟರ್ 2’. ತೆರೆಗೆ ಬಂದದ್ದು 2022ರ ಏಪ್ರಿಲ್ 14ಕ್ಕೆ. ಎಷ್ಟು ಸಲ ನೋಡಿದ್ದಾನೋ ಹುಡುಗ ಲೆಕ್ಕ ಇಟ್ಟಿಲ್ಲ. ಈಗ ಪೊಲೀಸ್ ಠಾಣೆಯ ದೃಶ್ಯ. ನಾಯಕ ರಾಕಿಭಾಯ್ ‘ದೊಡ್ಡಮ್ಮ’ ಎಂಬ ಮೆಷಿನ್ ಗನ್ ಹೂಡಿ ಠಾಣೆಯನ್ನೇ ಜಾಲರಿ ಮಾಡುತ್ತಾನೆ. ನಳಿಗೆ ಕೆಂಡವಾಗುತ್ತದೆ. ಅದಕ್ಕೇ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಒಲೆಯ ಕೊಳ್ಳಿಗೆ ಬೀಡಿ ಹಚ್ಚುವ ನಮ್ಮೂರಿನ ಮುದುಕರ ಠೀವಿಯೇ ಅದು!

‘ಗೇಮ್ ಇದ್ದಂಗೇ ಐತಲ್ಲ ಸಾರ್,’ ಎಂದ ಹುಡುಗ. ‘ಫಸ್ಟ್ ಪಾರ್ಟು ಒಂದು ಲೆವೆಲ್ಲು, ಗರುಡ ಬಾಸು. ಅವನು ಸತ್ತ ಮೇಲೆ ಅಧೀರ. ಗನ್ನೂ ದೊಡ್ಡದಾಗ್ತಾ ಹೋಗ್ತದೆ.’

ಹೌದಲ್ಲ ಎನಿಸಿತು. ಕಾರು ಬೆನ್ನಟ್ಟುವ ಕಡೆ ತೆರೆ ಮತ್ತೆ ಮತ್ತೆ ಕಪ್ಪಾಗಿ, ರೆಪ್ಪೆ ಬಡಿದಂತೆ ಚಿತ್ರ ಬಂದುಹೋಗುತ್ತದೆ. ಅದನ್ನು ಸಂಕಲಿಸಿದ ಉಜ್ವಲ್ ಕುಲಕರ್ಣಿಗೂ ಆಗ ಹೆಚ್ಚುಕಡಿಮೆ ಈ ಹುಡುಗನದೇ ವಯಸ್ಸು.

ಸಿನಿಮಾ–ಆಟಗಳ ಕೈಸಾಲ ಹಳೆಯದು. ಪಬ್‌ಜಿ ಕಟ್ಟಿದ ಬ್ರೆಂಡನ್ ಗ್ರೀನ್‌ಗೆ ದಾರಿ ತೋರಿದ್ದು 2000ದ ಜಪಾನಿ ಸಿನಿಮಾ ‘ಬ್ಯಾಟಲ್ ರಾಯಲ್’. 2023ರ ‘ಜಾನ್ ವಿಕ್ 4’ರಲ್ಲಿ ಕ್ಯಾಮೆರಾ ಸೂರಿನಿಂದ ನೆಟ್ಟಗೆ ಕೆಳಗೆ ನೋಡುತ್ತ ಕೋಣೆಯಿಂದ ಕೋಣೆಗೆ ತೇಲುತ್ತದೆ, ಕೆಳಗೆ ಬೆಂಕಿ ಕಾರುವ ಬಂದೂಕು. ‘ದಿ ಹಾಂಗ್‌ಕಾಂಗ್ ಮ್ಯಾಸಕರ್’ ಎಂಬ ಆಟ ನೋಡಿ ಅದು ಹೊಳೆಯಿತೆಂದು ನಿರ್ದೇಶಕ ಚಾಡ್ ಸ್ಟಾಹೆಲ್ಸ್ಕಿಯೇ ಹೇಳಿದ್ದಾರೆ. ಆ ಆಟವೋ, ಹಾಂಗ್‌ಕಾಂಗಿನ ಹಳೆಯ ಗುಂಡಿನ ಸಿನಿಮಾಗಳಿಗೆ ಕೈಮುಗಿದು ಹುಟ್ಟಿದ್ದು. ಸಾಲ ಊರೆಲ್ಲ ಸುತ್ತಿ ಮನೆಗೇ ಬಂತು.

ನನ್ನ ತಕರಾರು ರಕ್ತದ್ದಲ್ಲ. ಆಟದಲ್ಲಿ ಸತ್ತವನು ಅರೆಗಳಿಗೆಯಲ್ಲಿ ಮಾಯ. ಸಿನಿಮಾದ ಗಣಿ ನಾರಾಚಿಯಲ್ಲೂ ಬಿದ್ದ ಕಾವಲುಗಾರರಿಗೆ ಹೆಸರಿಲ್ಲ, ಅತ್ತು ಹೊರುವವರಿಲ್ಲ. ಧೂಳು ಮಾತ್ರ ಸುಳ್ಳಲ್ಲ; ಅದು ಕೋಲಾರದ ಸೈನೈಡ್ ದಿಬ್ಬದ್ದೇ. ಇತ್ತ ಮೊಳಕಾಲ್ಮೂರು ತಾಲ್ಲೂಕಿನದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿಟ್ಟಿದ್ದಾನೆ: ತಾಯಿತಂದೆಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು. ರಾಕಿ ತಾಯಿಯವರೆಗೆ ಓದಿ ಎದ್ದುಹೋದ.

‘ಬಾರೋ, ಅಂಚಿಗೆ ಕೂತ್ಕ,’ ಒಳಗಿಂದ ಮಾವ ಕರೆದರು. ಒಡಲಿಗೊಂದು, ಎರಡು ಅಂಚಿಗೆ ಎರಡು. ಮೂರು ಲಾಳಿಯ ಸೀರೆಗೆ ಒಬ್ಬರ ಕೈ ಸಾಲದು. ಹುಡುಗ ನಳಿಗೆ ಕೆಂಪಾಗಿದ್ದಲ್ಲಿಗೇ ಸಿನಿಮಾ ನಿಲ್ಲಿಸಿ, ಮೊಬೈಲನ್ನು ಕಿಟಕಿಯಲ್ಲಿಟ್ಟು ಹೋದ.

ಗೋಡೆಗೆ ಚೌಕುಳಿ ಹಾಳೆಯ ಮೇಲೆ ನವಿಲಿನ ನಕ್ಷೆ. ಹತ್ತಿರ ಹೋದರೆ ನವಿಲಿಲ್ಲ, ಬರೀ ಚೌಕ. ಹಳೇ ವಿಡಿಯೊ ಗೇಮಿನ ಗೊಂಬೆಯಂತೆ. ‘ಇದು ಎಷ್ಟನೇ ಲೆವೆಲ್ಲಪ್ಪ?’ ಎಂದೆ.

‘ಸೆರಗು ಇನ್ನೂ ಒಂದು ಮೊಳ ಐತೆ ಸಾರ್,’ ಎಂದು ಲಾಳಿ ಎಸೆದ.