ಹಳೆಯ ಪಿಕಪ್ ಗಾಡಿಯೂ ಒಂದು ಲೀಟರ್ ಡೀಸೆಲ್ಲೂ

ಲೀಟರಿಗೆ 18 ಕಿಲೋಮೀಟರ್ ಓಡುವ ಹೊಸ ಕಾರೊಂದು, 8 ಕಿಲೋಮೀಟರ್ ಮಾತ್ರ ಓಡುವ ಹಳೆಯ ಪಿಕಪ್ ಗಾಡಿಯೊಂದು ಇವೆಯೆಂದು ಭಾವಿಸಿರಿ. ಎರಡರ ಓಟವನ್ನೂ ಲೀಟರಿಗೆ 2 ಕಿಲೋಮೀಟರಿನಷ್ಟು ಹೆಚ್ಚಿಸಿದರೆ ಯಾವುದರಲ್ಲಿ ಉಳಿತಾಯ ಹೆಚ್ಚು? ಎರಡರಲ್ಲಿಯೂ ಸಮವೆಂದು ಅನೇಕರಿಗೆ ತೋರಬಹುದು. ಲೆಕ್ಕ ಹಾಕಿ ನೋಡೋಣ. 1,000 ಕಿಲೋಮೀಟರ್ ಪ್ರಯಾಣದಲ್ಲಿ ಕಾರಿಗೆ ಉಳಿಯುವುದು ಸುಮಾರು ಐದೂವರೆ ಲೀಟರ್. ಪಿಕಪ್ಪಿಗಾದರೋ 125 ಲೀಟರ್ ಬೇಕಾಗಿದ್ದಲ್ಲಿ 100 ಲೀಟರ್ ಸಾಕಾಗಿ, 25 ಲೀಟರ್ ಉಳಿಯುತ್ತದೆ! ಕೋಲಾರದಿಂದ ಬೆಂಗಳೂರಿಗೆ ತರಕಾರಿ ಸಾಗಿಸುತ್ತ, ಹೊಸ ಗಾಡಿಯನ್ನು ಕೊಳ್ಳಲಾರದೆ ಹಳೆಯದನ್ನೇ ನಂಬಿ ಬಾಳುವವನಿಗೆ ಇದು ಭರವಸೆಯ ಗಣಿತ. ಇಂಧನ ಹೆಚ್ಚು ತಿನ್ನುವ ಗಾಡಿಯಲ್ಲಿಯೇ ಸಣ್ಣ ಸುಧಾರಣೆಗೆ ದೊಡ್ಡ ಫಲವಿದೆ.

ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 3 ಕೋಟಿ 60 ಲಕ್ಷ ಜೂಲ್ ಶಕ್ತಿ ಅಡಗಿದೆ. ಅದರ ಬಹುಪಾಲು ಹೊಗೆಯ ಬಿಸಿಯಾಗಿಯೂ ರೇಡಿಯೇಟರಿನ ಶಾಖವಾಗಿಯೂ ಹೊರಟುಹೋಗುತ್ತದೆ. ಹಳೆಯ ಗಾಡಿಯಲ್ಲಿ ಕಾಲುಭಾಗ, ಎಂದರೆ 90 ಲಕ್ಷ ಜೂಲ್, ಚಕ್ರಗಳಿಗೆ ತಲಪುತ್ತದೆಂದು ಇಟ್ಟುಕೊಳ್ಳೋಣ. ಈ ಅಲ್ಪ ಸಂಪತ್ತು ಎಲ್ಲೆಲ್ಲಿ ವ್ಯಯವಾಗುತ್ತದೆ?

ಮೊದಲನೆಯದು ಬ್ರೇಕು. ಸರಕೂ ಸೇರಿ 2,500 ಕಿಲೋಗ್ರಾಂ ತೂಗುವ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಲಿಸುವಾಗ ಅದರಲ್ಲಿ ಸುಮಾರು 3 ಲಕ್ಷ 47 ಸಾವಿರ ಜೂಲ್ ಚಲನಶಕ್ತಿ ಇರುತ್ತದೆ. ಬ್ರೇಕನ್ನು ತುಳಿದು ನಿಲ್ಲಿಸಿದೊಡನೆ ಅದೆಲ್ಲವೂ ಶಾಖವಾಗಿ ಗಾಳಿಗೆ ಸೇರುತ್ತದೆ. ಇಂತಹ 26 ನಿಲುಗಡೆಗಳಿಗೆ ಒಂದು ಲೀಟರ್ ಡೀಸೆಲ್ ವ್ಯರ್ಥ! ಆದುದರಿಂದ ಮುಂದಿನ ದಾರಿಯನ್ನು ದೂರದಿಂದಲೇ ಗಮನಿಸಿ, ಕೆಂಪುದೀಪ ಕಂಡಲ್ಲಿ ಆಕ್ಸಿಲರೇಟರಿನಿಂದ ಮೊದಲೇ ಕಾಲು ತೆಗೆದು, ಗೇರಿನಲ್ಲಿಯೇ ಗಾಡಿಯನ್ನು ನಿಧಾನಗೊಳಿಸುವ ಚಾಲಕನು ಕಾಸು ಖರ್ಚಿಲ್ಲದೆ ಡೀಸೆಲ್ ಉಳಿಸುತ್ತಾನೆ. ಅನಾವಶ್ಯಕವಾದ ಹೊರೆಯನ್ನು ಇಳಿಸಿದರೂ ಇದೇ ಲಾಭ.

ಎರಡನೆಯದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 60ರಿಂದ 80ಕ್ಕೆ ಏರಿದರೆ ತಡೆ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಪಿಕಪ್ಪಿನಂತಹ ಚಪ್ಪಟೆ ಮುಖದ ಗಾಡಿಗೆ ಇದರಿಂದ 100 ಕಿಲೋಮೀಟರಿಗೆ ಒಂದೂವರೆ ಎರಡು ಲೀಟರ್ ಅಧಿಕ ಖರ್ಚಾಗಬಹುದು. ಸಡಿಲವಾಗಿ ಪಟಪಟನೆ ಬಡಿದುಕೊಳ್ಳುವ ಟಾರ್ಪಾಲಿನ್ ಕೂಡ ತಡೆಯನ್ನು ಹೆಚ್ಚಿಸುತ್ತದೆ; ಅದನ್ನು ಬಿಗಿದು ಕಟ್ಟಬೇಕು. ಖಾಲಿ ಗಾಡಿಯ ಹಿಂಬಾಗಿಲನ್ನು ತೆರೆದಿಟ್ಟರೆ ಗಾಳಿ ಸರಾಗವಾಗಿ ಹಾದುಹೋಗುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ನೆಲೆಗೊಳ್ಳುತ್ತದೆ. ಮೇಲಿನ ಗಾಳಿ ಅದರ ಬೆನ್ನಿನ ಮೇಲೆ ಜಾರಿಹೋಗುತ್ತದೆ.

ಮೂರನೆಯದು ಟೈರು. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲಿಯೂ ಹೆಚ್ಚಾಗಿ ಅಮುಕಿ ಹಿಗ್ಗುತ್ತ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ತಯಾರಕರು ಹೇಳಿರುವ ಒತ್ತಡವನ್ನು ಟೈರು ತಣ್ಣಗಿರುವಾಗ ವಾರಕ್ಕೊಮ್ಮೆ ಪರೀಕ್ಷಿಸಬೇಕು. ಏರಿನಲ್ಲಿ ಸದಾ ಕಪ್ಪುಹೊಗೆ ಬರುತ್ತಿದ್ದರೆ ಡೀಸೆಲ್ ಪೂರ್ಣವಾಗಿ ಉರಿಯುತ್ತಿಲ್ಲವೆಂದು ತಿಳಿದು, ಏರ್ ಫಿಲ್ಟರನ್ನೂ ಇಂಜೆಕ್ಟರುಗಳನ್ನೂ ಮೆಕ್ಯಾನಿಕ್ಕಿನಿಂದ ನೋಡಿಸಬೇಕು.

ಇಂಧನದ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಮುಂತಾದವುಗಳಿಗೆ ಹಣ ಸುರಿಯುವವರೂ ಇದ್ದಾರೆ. ಇಂಧನ ಉಳಿಸುವುದಾಗಿ ಹೇಳಿಕೊಂಡ 100ಕ್ಕೂ ಹೆಚ್ಚು ಸಾಧನಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದೆ. ಗಣನೀಯ ಲಾಭ ಕೊಡುವಂಥದು ಅವುಗಳಲ್ಲಿ ಕಂಡುಬಂದಿಲ್ಲ.

ಯಾವ ಉಪಾಯ ನಿಜ, ಯಾವುದು ಭ್ರಮೆ ಎಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಟ್ಯಾಂಕನ್ನು ಭರ್ತಿ ಮಾಡಿಸಿ ಕಿಲೋಮೀಟರನ್ನು ಬರೆದಿಡಿ. ಮತ್ತೆ ಅದೇ ಬಂಕಿನಲ್ಲಿ ಭರ್ತಿ ಮಾಡಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರುಗಳಿಂದ ಭಾಗಿಸಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಾಲ್ಕಾರು ಭರ್ತಿಗಳ ಸರಾಸರಿಯನ್ನು ಹೋಲಿಸಿರಿ. ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಗಾಡಿಯೇ ಉತ್ತರ ಹೇಳುತ್ತದೆ.