ಗುಣವಾದದ್ದು ಯಾವುದರಿಂದ, ಹೆಸರು ಬಂದದ್ದು ಯಾವುದಕ್ಕೆ?

ಹಾಲು ಉತ್ಪಾದಕ ಅಕ್ಕ ತಂಗಿಯರೇ,

ಕಾಲುಬಾಯಿ ರೋಗದ ಲಸಿಕೆ ಸುತ್ತು ಶುರುವಾದರೆ ನಮ್ಮ ತಂಡ ಬೆಳಗಿನ ಜಾವವೇ ಐಸ್ ಪೆಟ್ಟಿಗೆ ಹೊತ್ತುಕೊಂಡು ನಿಮ್ಮೂರಿಗೆ ಬರುತ್ತದೆ. ನೀವು ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ, ರಾಸುಗಳನ್ನು ಮೇಯಲು ಬಿಡುವ ಮುಂಚೆ, ನಾವು ಕೊಟ್ಟಿಗೆ ಮುಂದೆ ಇರಬೇಕು. "ಹಾಲು ಇಳಿಯುತ್ತಾ ಮೇಡಂ?" "ಗಬ್ಬದ ಹಸುವಿಗೆ ಹಾಕಬಹುದಾ?" ಎಂದು ನೀವು ಕೇಳುತ್ತೀರಿ. ಅವು ಕೇಳಲೇಬೇಕಾದ ಪ್ರಶ್ನೆಗಳು, ಉತ್ತರವನ್ನು ಮುಂದೆ ಹೇಳುತ್ತೇನೆ. ಆದರೆ ಈಚೆಗೆ ಇನ್ನೊಂದು ಮಾತು ಕಿವಿಗೆ ಬೀಳುತ್ತಿದೆ. "ಬೇಡ ಬಿಡಿ ಮೇಡಂ, ಲಸಿಕೆ ಒಳ್ಳೇದಲ್ಲ ಅಂತ ದೊಡ್ಡೋರೇ ವಿಡಿಯೊದಲ್ಲಿ ಹೇಳವ್ರೆ."

ಆ ದೊಡ್ಡವರು ಯಾರು ಎಂದು ವಿಚಾರಿಸಿದರೆ ಸಿನಿಮಾದವರು, ಆಟಗಾರರು, ಟಿ.ವಿ.ಯಲ್ಲಿ ದಿನಾ ಕಾಣಿಸುವವರು. ಅವರು ಮಾತಾಡಿದ್ದು ಮನುಷ್ಯರ ಲಸಿಕೆ, ಮನುಷ್ಯರ ಔಷಧಿಯ ಬಗ್ಗೆ. ಆ ಮಾತು ಮನೆಯ ಮಗುವಿನಿಂದ ಕೊಟ್ಟಿಗೆಯ ಕರುವಿನವರೆಗೆ ಬರಲು ಎಷ್ಟು ಹೊತ್ತು ಬೇಕು? 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ, ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ವಾಟ್ಸ್ಆ್ಯಪ್ ಸುದ್ದಿ ನಂಬಿ ಎಷ್ಟೋ ತಾಯಂದಿರು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಅದೇ ಭಯ ಈಗ ಗೂಟಕ್ಕೆ ಕಟ್ಟಿದ ಕರುವಿನ ತನಕ ಬಂದಿದೆ. ನನಗೆ ಇದರಿಂದ ಬೇಸರವಲ್ಲ, ಸಿಟ್ಟೇ ಬರುತ್ತದೆ. ಸಿಟ್ಟು ನಿಮ್ಮ ಮೇಲಲ್ಲ.

ನಿಮಗೆ ಗೊತ್ತಿರುವ ಔಷಧಿಯಿಂದಲೇ ಶುರು ಮಾಡುತ್ತೇನೆ. ಐವರ್‌ಮೆಕ್ಟಿನ್ ಹೆಸರು ಕೇಳಿದ್ದೀರಿ. ಕರುವಿಗೆ ಜಂತು ಹೆಚ್ಚಾದಾಗ, ಮಣಕದ ಮೈಗೆ ಉಣ್ಣೆ ಹತ್ತಿದಾಗ ಚರ್ಮದಡಿ ಕೊಡುವ ಸೂಜಿಮದ್ದು. ಜಪಾನಿನ ವಿಜ್ಞಾನಿ ಸತೋಶಿ ಒಮುರಾ ಮಣ್ಣಿನಲ್ಲಿ ಕಂಡ ಒಂದು ಸೂಕ್ಷ್ಮಜೀವಿಯಿಂದ ಬಂದದ್ದು. ಇದಕ್ಕಾಗಿ ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರಲ್ಲಿ ನೊಬೆಲ್ ಬಹುಮಾನ ಬಂತು. ಮೊದಲು ಬಂದದ್ದು ಜಾನುವಾರುಗಳಿಗೆ. ಆಮೇಲೆ ಮನುಷ್ಯರಿಗೂ ಮಾತ್ರೆಯಾಯಿತು, ಆಫ್ರಿಕಾದಲ್ಲಿ ಲಕ್ಷಾಂತರ ಜನರ ಕಣ್ಣು ಉಳಿಸಿತು. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಆನೆಕಾಲು ರೋಗ ತಡೆಯಲು ಕೊಡುವ ಮಾತ್ರೆಗಳಲ್ಲೂ ಇದು ಒಂದು. ಇಂಥ ಔಷಧಿಯನ್ನು ಬೈಯಲು ನನಗೆ ಬಾಯಿಯೇ ಬರುವುದಿಲ್ಲ.

ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾದ ಪ್ರಯೋಗಾಲಯವೊಂದರಲ್ಲಿ ಐವರ್‌ಮೆಕ್ಟಿನ್ ಗಾಜಿನ ತಟ್ಟೆಯೊಳಗಿನ ವೈರಸ್ಸನ್ನು ತಡೆಯಿತು ಎಂಬ ವರದಿ ಬಂತು. ತಟ್ಟೆಯಲ್ಲಿ ಬಳಸಿದ ಪ್ರಮಾಣ ಮನುಷ್ಯರ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತಟ್ಟೆಯ ವೈರಸ್ಸನ್ನು ಕೊಟ್ಟಿಗೆ ತೊಳೆಯುವ ಫಿನಾಯಿಲ್ ಕೂಡ ಕೊಲ್ಲುತ್ತದೆ, ಹಾಗೆಂದು ಅದನ್ನು ಯಾರೂ ಕುಡಿಯುವುದಿಲ್ಲ. ಅಮೆರಿಕದಲ್ಲಿ ಮಾತ್ರ ಜನ ಪಶು ಆಹಾರದ ಅಂಗಡಿಗೆ ಹೋಗಿ ಕುದುರೆಯ ಜಂತುನಾಶಕ ಪೇಸ್ಟ್ ಕೊಂಡು ತಿನ್ನತೊಡಗಿದರು. ಒಂದು ಟ್ಯೂಬು ಸುಮಾರು 550 ಕೆ.ಜಿ. ತೂಕದ ಕುದುರೆಗೆ ಒಂದು ಸಲದ್ದು. 55 ಕೆ.ಜಿ.ಯ ಹೆಂಗಸು ಅದನ್ನು ಪೂರ್ತಿ ನುಂಗಿದರೆ ಲೆಕ್ಕ ನೀವೇ ಹಾಕಿ. ಲಾಸ್ ವೇಗಸ್‌ನ ಒಂದು ಅಂಗಡಿಯವರು "ನಿಮ್ಮ ಕುದುರೆಯ ಜೊತೆ ನೀವು ನಿಂತಿರುವ ಫೋಟೊ ತೋರಿಸಿದರೆ ಮಾತ್ರ ಕೊಡುತ್ತೇವೆ" ಎಂದು ಬರೆದು ಹಾಕಿದರು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯೇ "ನೀವು ಕುದುರೆಯಲ್ಲ, ಹಸುವೂ ಅಲ್ಲ, ದಯವಿಟ್ಟು ನಿಲ್ಲಿಸಿ" ಎಂಬ ಅರ್ಥದಲ್ಲಿ ಜನರಿಗೆ ಹೇಳಬೇಕಾಯಿತು. ಹಸುವಿನ ಡಾಕ್ಟರಾದ ನನಗೆ ನಗು ಬಂತು. ನಗುವ ವಿಷಯವಾಗಿರಲಿಲ್ಲ.

ಅದಾದ ಕೆಲವೇ ದಿನಕ್ಕೆ, ಸೆಪ್ಟೆಂಬರ್ 1ರಂದು, ಲಕ್ಷಾಂತರ ಜನ ಕೇಳುವ ಅಮೆರಿಕದ ಕಾರ್ಯಕ್ರಮ ನಿರೂಪಕ ಜೋ ರೋಗನ್ ತನಗೆ ಕೊರೊನಾ ಬಂದಿತ್ತು, ಐವರ್‌ಮೆಕ್ಟಿನ್ ತಗೊಂಡೆ, ಈಗ ಆರಾಮಾಗಿದ್ದೇನೆ ಎಂದು ವಿಡಿಯೊ ಹಾಕಿದರು. ಅದೇ ವಿಡಿಯೊದಲ್ಲಿ ಅವರು ತಗೊಂಡ ಬೇರೆ ಔಷಧಿಗಳ ಹೆಸರೂ ಇತ್ತು. ಅದರಲ್ಲಿ ಕೊರೊನಾಕ್ಕೆಂದೇ ತಯಾರಿಸಿದ ದುಬಾರಿಯ ಮಾನೋಕ್ಲೋನಲ್ ಆ್ಯಂಟಿಬಾಡಿ ಚಿಕಿತ್ಸೆಯೂ ಒಂದು. ಜನರ ತಲೆಯಲ್ಲಿ ಉಳಿದದ್ದು ಜಂತಿನ ಔಷಧಿ ಮಾತ್ರ. ಬ್ರೆಜಿಲ್‌ನಲ್ಲಿ 1358 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಐವರ್‌ಮೆಕ್ಟಿನ್, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಪ್ರಕಾರ ಅದರಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಆ ಸುದ್ದಿ ನಿಮ್ಮ ಫೋನಿಗೆ ಬಂತೇ? ಬಂದಿರಲಾರದು.

ನಮ್ಮ ದೇಶದ್ದೇ ಒಂದು ಹೇಳುತ್ತೇನೆ. 2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ತಮ್ಮ ಹೆಂಡತಿ ನಾಲ್ಕನೇ ಹಂತದ ಕ್ಯಾನ್ಸರ್‌ನಿಂದ ಪಾರಾದ ಕಥೆ ಹೇಳಿದರು. ಸಕ್ಕರೆ ಬಿಟ್ಟದ್ದು, ಹಾಲಿನ ಪದಾರ್ಥ ಬಿಟ್ಟದ್ದು, ಬೇವು, ಅರಿಶಿನ, ನಿಂಬೆರಸ. ವಿಡಿಯೊ ಕ್ಷಣದಲ್ಲಿ ಊರೆಲ್ಲ ಹರಡಿತು. (ಬೆಳಗ್ಗೆ ನಾಲ್ಕಕ್ಕೆ ಎದ್ದು ಕರೆದು ಸಾಗಿಸುವ ಹಾಲು ಆ ಒಂದು ಮಾತಿಗೆ ಅಪರಾಧಿಯಾಯಿತು, ಅದು ಬೇರೆ ಸಂಕಟ.) ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಈಗಿನ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸೇರಿ, ಇದಕ್ಕೆ ಗಟ್ಟಿ ಪುರಾವೆಯಿಲ್ಲ, ಇದನ್ನು ನಂಬಿ ಚಿಕಿತ್ಸೆ ತಡ ಮಾಡಬೇಡಿ ಎಂದು ಹೇಳಿಕೆ ಕೊಟ್ಟರು. ಆಕೆಗೆ ಶಸ್ತ್ರಚಿಕಿತ್ಸೆಯಾಗಿತ್ತು, ಕಿಮೊಥೆರಪಿಯಾಗಿತ್ತು. ಆಮೇಲೆ ಸಿಧು ಅವರೂ ಡಾಕ್ಟರರ ಸಲಹೆಯಂತೆಯೇ ನಡೆದುಕೊಂಡದ್ದಾಗಿ ತಿಳಿಸಿದರು. ಹೆಂಡತಿ ಬದುಕಿ ಬಂದ ಸಂತೋಷದಲ್ಲಿ ಆಡಿದ ಮಾತು, ಆ ಸಂತೋಷವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಮೊದಲ ಮಾತು ತಲುಪಿದ ಕಡೆಗೆಲ್ಲ ಎರಡನೆಯದು ತಲುಪಲಿಲ್ಲ.

ಎರಡೂ ಕಡೆ ನಡೆದದ್ದು ಒಂದೇ ಎಂದು ಗಮನಿಸಿದಿರಾ? ನಿಜವಾದ ಚಿಕಿತ್ಸೆ ಹಿಂದಕ್ಕೆ ಸರಿಯಿತು, ಅಡುಗೆಮನೆಯದೋ ಅಂಗಡಿಯದೋ ಯಾವುದೋ ಒಂದು ಹೆಸರು ಹೊತ್ತುಕೊಂಡು ಹೋಯಿತು. ನಮ್ಮ ಕೊಟ್ಟಿಗೆಯಲ್ಲೂ ಇದು ನಡೆಯುತ್ತದೆ. ಕಾಲುಬಾಯಿ ರೋಗ ಬಂದ ದೊಡ್ಡ ಹಸು ಹೆಚ್ಚಿನ ಸಲ ಎರಡು ಮೂರು ವಾರದಲ್ಲಿ ತಾನಾಗಿಯೇ ಚೇತರಿಸಿಕೊಂಡು ಮೇವು ಮುಟ್ಟುತ್ತದೆ. ಹದಿನೈದನೇ ದಿನ ಯಾರೋ ಬಂದು ತಾಯತ ಕಟ್ಟಿದರೆ ಹೆಸರು ತಾಯತಕ್ಕೆ. ಹದಿನಾರನೇ ದಿನ ಮೀನು ತಿನ್ನಿಸಿದರೆ ಹೆಸರು ಮೀನಿಗೆ. ಹುಣ್ಣು ಮಾಯ್ದ ಮೇಲೂ ಹಾಲು ಮೊದಲಿನ ಮಟ್ಟಕ್ಕೆ ಬರದೇ ಹೋದದ್ದು, ಬಿಸಿಲು ಏರಿದರೆ ಹಸು ಏದುಸಿರು ಬಿಡುವುದು, ಸರಿಯಾಗಿ ಗಬ್ಬ ನಿಲ್ಲದೆ ಇರುವುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ತಾಯಿಯ ಹಾಲು ಕುಡಿಯುತ್ತಿದ್ದ ಕರು ಎದೆಗೆ ರೋಗ ಹೊಕ್ಕು ನಿಂತಲ್ಲೇ ಬಿದ್ದು ಸತ್ತದ್ದನ್ನು ಯಾರೂ ವಿಡಿಯೊ ಮಾಡಿ ಹಾಕುವುದಿಲ್ಲ. 2013ರಲ್ಲಿ ಕಾಲುಬಾಯಿ ರೋಗ ನಮ್ಮ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಕೊಂದಿತು. ಕೋಲಾರ, ರಾಮನಗರ ಕಡೆಯ ಹಿರಿಯ ಹೆಂಗಸರನ್ನು ಕೇಳಿ ನೋಡಿ, ಯಾವ ಹಸುವನ್ನು ಎಲ್ಲಿ ಹೂತೆವು ಎಂದು ಇನ್ನೂ ಹೇಳುತ್ತಾರೆ.

ಹಾಗಾದರೆ ಮನೆಮದ್ದೆಲ್ಲ ಸುಳ್ಳೇ ಎಂದು ಕೇಳುವಿರಿ. ಅಲ್ಲ. ಕೆಚ್ಚಲು ಬಾವು ಶುರುವಾಗುವಾಗ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ, ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡು, ಕೆಚ್ಚಲು ತೊಳೆದು, ಹಾಲು ಹಿಂಡಿ ಚೆಲ್ಲಿ, ದಿನಕ್ಕೆ ಹಲವು ಸಲ ಹಚ್ಚಿ ಎಂದು ನಾನೇ ಹೇಳುತ್ತೇನೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಇದನ್ನು ಪ್ರಚಾರ ಮಾಡುತ್ತಿದೆ. ಅರಿಶಿನ ಅದೇ ಅರಿಶಿನ. ವ್ಯತ್ಯಾಸ ಇಷ್ಟೇ: ಇಲ್ಲಿ ಅಳತೆಯಿದೆ, ಯಾವ ರೋಗಕ್ಕೆ ಎಂಬುದಿದೆ, ಬಗ್ಗದಿದ್ದರೆ ಬಂದು ನೋಡುವವರು ಇದ್ದಾರೆ. ಹಾಗೆಯೇ ಐವರ್‌ಮೆಕ್ಟಿನ್‌ಗೂ ಅದರದ್ದೇ ಜಾಗವಿದೆ. ಅದು ಹಾಲಿಗೆ ಇಳಿಯುವ ಔಷಧಿ, ಆದ್ದರಿಂದ ಕರೆಯುವ ಹಸುವಿಗೆ ನಾವು ಅದನ್ನು ಕೊಡುವುದಿಲ್ಲ. ಅಂಗಡಿಯಿಂದ ತಂದು ನೀವೇ ಚುಚ್ಚಿಸಬೇಡಿ.

ಹೆಸರುವಾಸಿಗಳೆಲ್ಲ ಕೆಡುಕೇ ಮಾಡುತ್ತಾರೆ ಎಂದೂ ನಾನು ಹೇಳಲಾರೆ. ನಮ್ಮ ನಂದಿನಿ ಹಾಲಿಗೆ ಡಾ. ರಾಜ್‌ಕುಮಾರ್, ಆಮೇಲೆ ಅಪ್ಪು, ಸಂಭಾವನೆ ಮುಟ್ಟದೆ ಪ್ರಚಾರ ಮಾಡಿದರು. ಅಪ್ಪು ತೀರಿಕೊಂಡಾಗ ದಾನವಾದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕಂಡು ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಪೋಲಿಯೊ ಹನಿಗೆ ಅಮಿತಾಭ್ ಬಚ್ಚನ್ ಗದರಿದಂತೆ ಹೇಳಿದ್ದನ್ನು ಕೇಳಿ ಎಷ್ಟೋ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೂತಿಗೆ ಬಂದರು. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಇವರು ಯಾರೂ ತಾವೇ ವೈದ್ಯರಾಗಲಿಲ್ಲ. ಹಾಲನ್ನು ಪರೀಕ್ಷಿಸಿದ್ದು ಒಕ್ಕೂಟದ ಪ್ರಯೋಗಾಲಯ, ಕಣ್ಣು ತೆಗೆದು ಜೋಡಿಸಿದ್ದು ಕಣ್ಣಿನ ಆಸ್ಪತ್ರೆ, ಹನಿ ಹಾಕಿದ್ದು ಆಶಾ ಅಕ್ಕಂದಿರು. ತಾರೆಯರು ತಮ್ಮ ಮುಖವನ್ನು ಸಾಲ ಕೊಟ್ಟರು, ಅಷ್ಟೇ.

ಚರ್ಮಗಂಟು ರೋಗದ ಸಮಯ ನೆನಪಿದೆಯಲ್ಲ. ಆ ವರ್ಷ, 2022ರಲ್ಲಿ, ಪಕ್ಕದ ರಾಜ್ಯದ ಹಿರಿಯ ರಾಜಕಾರಣಿಯೊಬ್ಬರು ಆಫ್ರಿಕಾದ ಚೀತಾಗಳಿಂದ ಈ ರೋಗ ಬಂತು ಎಂದುಬಿಟ್ಟರು. ಚೀತಾಗಳು ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ಬಂದದ್ದು 2022ರ ಸೆಪ್ಟೆಂಬರ್ 17ಕ್ಕೆ. ರೋಗ ಒಡಿಶಾದಲ್ಲಿ ಕಾಣಿಸಿಕೊಂಡದ್ದು 2019ರಲ್ಲೇ. ಊರ ಕಟ್ಟೆಯಲ್ಲಿ ಚೀತಾದ ಚರ್ಚೆ ನಡೆಯುತ್ತಿದ್ದಾಗ ರೋಗ ಹರಡುವ ನೊಣ, ಸೊಳ್ಳೆ, ಉಣ್ಣೆಗಳು ಕೊಟ್ಟಿಗೆಯಲ್ಲಿ ಆರಾಮಾಗಿದ್ದವು. ಅದೇ ದಿನಗಳಲ್ಲಿ, ಗಂಟು ಬಂದ ಹಸುವಿನ ಹಾಲು ಕುಡಿದರೆ ಮನುಷ್ಯರಿಗೂ ರೋಗ ಬರುತ್ತದೆ ಎಂಬ ಸುಳ್ಳೂ ಹಬ್ಬಿತು. ಆ ರೋಗ ಮನುಷ್ಯರಿಗೆ ಬರುವಂಥದ್ದಲ್ಲ. ಇಂಥ ಸುಳ್ಳು ಕೊನೆಗೆ ಬಂದು ಕೂರುವುದು ನಿಮ್ಮ ಬಟವಾಡೆಯ ಮೇಲೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಹೌದು, ಕಾಲುಬಾಯಿ ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಮೇವು ಕಡಿಮೆ ಮಾಡಬಹುದು, ಹಾಲು ಸ್ವಲ್ಪ ಇಳಿಯಬಹುದು. ಕೆಲವೇ ದಿನದಲ್ಲಿ ಮೊದಲಿನಂತಾಗುತ್ತದೆ. ಸೂಜಿ ಚುಚ್ಚಿದ ಜಾಗದಲ್ಲಿ ಗಂಟು ಎದ್ದರೆ ತಿಕ್ಕಬೇಡಿ, ದಿನ ಕಳೆದರೂ ಕರಗದಿದ್ದರೆ ಹೇಳಿಕಳಿಸಿ. ಲಸಿಕೆಯಿಂದಲೇ ಗಬ್ಬ ಹೋಗುತ್ತದೆ ಎಂಬುದು ಸರಿಯಲ್ಲ. ಆದರೆ ತುಂಬುಗಬ್ಬದ ಹಸುವನ್ನು ಹಗ್ಗ ಹಾಕಿ ಎಳೆದಾಡುವುದು ಅಪಾಯ. ಎಷ್ಟು ತಿಂಗಳಾಗಿದೆ ಎಂದು ಮೊದಲೇ ತಿಳಿಸಿದರೆ ನೋಡಿಕೊಂಡು ತೀರ್ಮಾನಿಸುತ್ತೇವೆ. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಸಲ, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಪಕ್ಕದ ಮನೆಯವರು ಹಾಕಿಸಿದ್ದಾರಲ್ಲ, ನಮಗೇಕೆ ಎನ್ನಬೇಡಿ. ಹತ್ತರಲ್ಲಿ ಎಂಟು ರಾಸುಗಳಿಗಾದರೂ ಲಸಿಕೆ ಬಿದ್ದರೆ ಮಾತ್ರ ರೋಗಕ್ಕೆ ಊರೊಳಗೆ ದಾರಿ ಸಿಗುವುದು ಕಷ್ಟವಾಗುತ್ತದೆ.

ಇನ್ನೊಂದು ಲಸಿಕೆಯ ಬಗ್ಗೆ ನಿಮಗೆ ಒತ್ತಿ ಹೇಳಬೇಕು, ಏಕೆಂದರೆ ಇದು ನಿಮ್ಮ ಮೈಗೂ ಸಂಬಂಧಿಸಿದ್ದು. ಬ್ರುಸೆಲ್ಲೋಸಿಸ್, ಅಂದರೆ ಕಂದು ಹಾಕುವ ರೋಗ. ಐದು ತಿಂಗಳು ತುಂಬಿದ ಮೇಲೆ ಹಸು ಕಂದು ಹಾಕುತ್ತದೆ. ಕರು ಎಳೆಯುವವರು, ಬಿದ್ದ ಮಾಸನ್ನು ಬರಿಗೈಯಲ್ಲಿ ಎತ್ತಿ ಹಾಕುವವರು ಹೆಚ್ಚಾಗಿ ನೀವೇ. ಆ ಮಾಸಿನಿಂದ, ಕಾಯಿಸದ ಹಾಲಿನಿಂದ ರೋಗ ಮನುಷ್ಯರಿಗೂ ಅಂಟುತ್ತದೆ. ಬಂದು ಹೋಗುವ ಜ್ವರ, ಕೀಲು ನೋವು, ಬೆವರು. ತಿಂಗಳುಗಟ್ಟಲೆ ಕಾರಣ ತಿಳಿಯದೆ ನರಳಿದವರಿದ್ದಾರೆ. ಹಸುವಿನಲ್ಲಿ ಇದನ್ನು ವಾಸಿ ಮಾಡುವ ಔಷಧಿಯಿಲ್ಲ, ಇರುವುದು ಲಸಿಕೆಯೊಂದೇ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುವಿಗೆ, ಜೀವಮಾನದಲ್ಲಿ ಒಂದೇ ಸಲ. ಎಂಟು ತಿಂಗಳು ದಾಟಿದರೆ ಆ ಅವಕಾಶ ಹೋಯಿತು. ಕರು ಹುಟ್ಟಿದ ತಿಂಗಳನ್ನು ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳಿ.

ಲಸಿಕೆ ದಿನ ರಾಸುಗಳನ್ನು ಬೆಳಗ್ಗೆ ಕಟ್ಟಿಯೇ ಇರಿ. ಕಿವಿಯೋಲೆ ಬಿದ್ದುಹೋಗಿದ್ದರೆ ತಿಳಿಸಿ, ಬೇರೆ ಹಾಕಿಸೋಣ. ಮನಸ್ಸಿಗೆ ಅನುಮಾನ ತಂದ ವಿಡಿಯೊ ಇದ್ದರೆ ಫೋನನ್ನೂ ಕೊಟ್ಟಿಗೆಗೆ ತನ್ನಿ, ಇಬ್ಬರೂ ಕೂತು ನೋಡೋಣ. ಗೊತ್ತಿದ್ದರೆ ಅಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ವಿಚಾರಿಸಿ ಮರುದಿನ ಡೇರಿ ಕಾರ್ಯದರ್ಶಿಯವರ ಹತ್ತಿರ ಹೇಳಿಕಳಿಸುತ್ತೇನೆ.